ಹುಸೇನಬಿ ಎತ್ತಿದ ಬೆರಳು

ಹೊಲಿಗೆ ಬಿಚ್ಚಬಹುದಿತ್ತು. ಕೀವಾಗಬಹುದಿತ್ತು. ಕಣ್ಣೊಳಗೆ ಒತ್ತಡ ಏರಿ ನರ ಸಾಯಬಹುದಿತ್ತು. ಸೀನಿದರೆ, ಬಗ್ಗಿದರೆ, ಒಗ್ಗರಣೆಯ ಹೊಗೆ ತಾಗಿದರೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತರೆ, ಕಣ್ಣೇ ಹೋಗಬಹುದಿತ್ತು. ಆಗಿನ ದಿನಗಳಲ್ಲಿ ಹೊನ್ನಾಳಿಯ ನಮ್ಮ ಓಣಿಗೆಲ್ಲ ಈ ಪಟ್ಟಿ ಬಾಯಿಪಾಠ. ನನಗಂತೂ ಮಗ್ಗಿಗಿಂತ ಮೊದಲು ಬಂದದ್ದು ಇದೇ. ಏಳನೇ ವಯಸ್ಸಿಗೆ ಚಿಂತೆ ಮಾಡಲು ಕಲಿತವನು ಈಗ ಐವತ್ತರ ಹತ್ತಿರ ಅದರಲ್ಲಿ ಪಂಡಿತನಾಗಿದ್ದೇನೆ.

ಹುಟ್ಟುವಾಗಲೇ ನನ್ನ ಎರಡೂ ಕಣ್ಣಿಗೆ ಪೊರೆ ಇತ್ತು. ನನ್ನ ಏಳನೇ ವಯಸ್ಸಿನ ಬೇಸಿಗೆಯಲ್ಲಿ ದಾವಣಗೆರೆಗೆ ಕರೆದೊಯ್ದು ಬಲಗಣ್ಣಿನದನ್ನು ತೆಗೆಸಿದರು. ಪೊರೆಯೇನೋ ಹೋಯಿತು, ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಕಾರ್ನಿಯಾ, ಬಾತುಕೊಂಡು ಮಂಜಾಯಿತು. "ಬಾವು ಇಳಿದರೆ ಇನ್ನೊಂದು ಕಣ್ಣಿಗೂ ಮಾಡೋಣ. ಇಳೀದಿದ್ರೆ ಇಷ್ಟೇ," ಎಂದರು ಡಾಕ್ಟರು. ಅಲ್ಲಿಯವರೆಗೆ ಧೂಳು, ಹೊಗೆ, ಆಟ ಎಲ್ಲ ಬಂದ್.

ದಿನವಿಡೀ ಜಗಲಿಯ ಮೇಲೆ ಕೂತಿರುತ್ತಿದ್ದೆ. ಗೋಲಿಗೆ ಗೋಲಿ ಬಡಿಯುವ ಸದ್ದು ಬರುತ್ತಿತ್ತು, ಯಾರದೋ ಮನೆಯಲ್ಲಿ ಹುಣಸೆಹಣ್ಣು ಕುಟ್ಟುವ ಹುಳಿ ವಾಸನೆ, ಸಂಜೆಯಾದರೆ ಮೆಣಸಿನಕಾಯಿ ಬಜ್ಜಿಯ ಘಮ. ಗೆಳೆಯರು ಎರಡು ದಿನ ಬಂದು ಮಾತಾಡಿಸಿ, ಮೂರನೇ ದಿನ ಮರೆತರು.

ಎದುರುಮನೆಯ ಹುಸೇನಬಿ ಮಾತ್ರ ಮರೆಯಲಿಲ್ಲ. ಅವಳಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಅವಳ ಜಡೆ, ಲಂಗದಲ್ಲೆಲ್ಲ ಹತ್ತಿಯ ಎಳೆ. ಅವ್ವ ಅವಳನ್ನು ಬಾಗಿಲಲ್ಲೇ ತಡೆದಳು.

"ಬ್ಯಾಸರ ಮಾಡ್ಕೋಬ್ಯಾಡ ತಾಯಿ. ನಿನ್ನ ಹತ್ತಿ ಇವನ ಕಣ್ಣಾಗೆ ಬಿದ್ರೆ ಹೆಂಗೆ ಹೇಳು?"

"ನಾ ಓಣಿ ದಾಟಲ್ಲ ಬಿಡ್ರಿ ದೊಡ್ಡವ್ವ. ನಮ್ಮ ಕಟ್ಟೆ ಮ್ಯಾಲೇ ನಿಂತ್ಕಂತೀನಿ."

ಮರುದಿನದಿಂದ ತಮ್ಮ ಮನೆಯ ಸುಣ್ಣದ ಗೋಡೆಯ ಮುಂದೆ ನಿಂತು, ಕೈಯೆತ್ತಿ ಕೂಗುತ್ತಿದ್ದಳು. "ಎಷ್ಟು ಬೆರಳದಾವೆ ಹೇಳೋ ಬಸ್ಯಾ?"

ನನಗೆ ಕಾಣುತ್ತಿದ್ದದ್ದು ಬರೀ ಗಂಜಿಯಂಥ ಬಿಳುಪು. "ಮೂರು."

"ಸರಿ ಐತೆ."

ನಾಲ್ಕೆಂದರೂ ಸರಿ, ಒಂದೆಂದರೂ ಸರಿ. ಒಳಗೆ ಹೋಗಿ ಅವ್ವನಿಗೆ ವರದಿ ಒಪ್ಪಿಸುತ್ತಿದ್ದೆ. ಓಡುವಂತಿರಲಿಲ್ಲವಾದ್ದರಿಂದ ಮದುಮಗನ ಹಾಗೆ ನಿಧಾನ ನಡೆದು. ದಿನದ ಆ ಒಂದು ಗಳಿಗೆಗಾಗಿ ಉಳಿದ ಹೊತ್ತೆಲ್ಲ ಕಾಯುತ್ತಿದ್ದೆ. ಆ ತಿಂಗಳು ಅಳದೆ ಉಳಿದದ್ದು ಅದರಿಂದಲೇ.

ಒಂದು ಬೆಳಗ್ಗೆ ಮಂಜು ತೆಳುವಾಗಿತ್ತು. ಬಿಳಿ ಗೋಡೆಯ ಮುಂದೆ, ಅಂಚು ಕಲಸಿದಂತೆ ದಪ್ಪಗೆ, ಎರಡು ಬೆರಳು. ಚಿಂತೆಗಾರನಿಗೆ ಎಲ್ಲಕ್ಕೂ ಖಾತ್ರಿ ಬೇಕು ನೋಡಿ. ಬೇಕೆಂದೇ "ಐದು" ಎಂದೆ.

"ಸರಿ ಐತೆ."

ಒಂದು ತಿಂಗಳ ಸರಿಗಳೆಲ್ಲ ಒಮ್ಮೆಗೇ ತಪ್ಪಾದವು. "ಎರಡದಾವೆ. ಸುಳ್ಳು ಹೇಳ್ತೀಯ ನೀನು. ನಾ ಕುರುಡ ಅಂತ ಆಟ ಆಡಿಸ್ತೀಯ. ಇನ್ನ ಬರಬ್ಯಾಡ ಹೋಗು."

ಅವಳ ಕೈ ಮೆಲ್ಲಗೆ ಇಳಿಯಿತು. ಅದು ನನಗೆ ಚೆನ್ನಾಗಿ ಕಂಡಿತು.

ಬಾವು ಪೂರ್ತಿ ಇಳಿಯಿತು. ಎಡಗಣ್ಣಿಗೂ ಆಪರೇಷನ್ ಆಯಿತು. ಈಗಲೂ ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ಕಣ್ಣಿನ ಒತ್ತಡ ಹೆಚ್ಚು ಬರುತ್ತದೆ; ನಾನು ಕುರುಡರ ಬಿಳಿ ಕೋಲು ಎಲ್ಲಿ ಸಿಗುತ್ತದೆಂದು ಯೋಚಿಸತೊಡಗುತ್ತೇನೆ. "ಚಿಕ್ಕಂದಿನಲ್ಲಿ ಆ ಆಪರೇಷನ್ ಆದವರಿಗೆ ಕಾರ್ನಿಯಾ ದಪ್ಪ ಆಗಿರಬಹುದು ಸಾರ್. ಅದಕ್ಕೇ ಮಿಷನ್ನು ಹೆಚ್ಚು ತೋರಿಸ್ತಿದೆ, ನರ ಚೆನ್ನಾಗಿದೆ," ಎಂದು ಡಾಕ್ಟರಮ್ಮ ಸಮಾಧಾನ ಮಾಡುತ್ತಾರೆ. ಗೋಡೆಯ ಅಕ್ಷರಗಳನ್ನು ಓದಿಸುತ್ತಾರೆ. ತಪ್ಪು ಓದಿದರೆ ತಪ್ಪು ಎಂದೇ ಬರೆದುಕೊಳ್ಳುತ್ತಾರೆ.

ಪಟ್ಟಿಯಲ್ಲಿದ್ದ ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ: ನಾನು ಹಾಗೆ ಬೈದ ಮರುದಿನ ಜಗಲಿಗೆ ಬಂದು ಕೂತಾಗ ಎದುರಿನ ಕಟ್ಟೆ ಪೂರ್ತಿ ಕಾಣುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ.