ಅಪ್ಪನ ವಾಕಿಂಗಿಗೆ ನಾನು ಕಾವಲು

ಆ ದಿನಗಳಲ್ಲಿ ಪಟಾಕಿ ಹೊಗೆ ಕರಗಿದರೂ ನಮ್ಮ ದೀಪಾವಳಿ ಮುಗಿಯುತ್ತಿರಲಿಲ್ಲ. ನಾಸಿಕ್ ಹತ್ತಿರದ ಓಝರ್‌ನಲ್ಲಿ ನಮ್ಮ ಕ್ವಾರ್ಟರ್ಸು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಹಬ್ಬದ ತಿಂಡಿ, ಅಲ್ಲಿಯವರು ಫರಾಳ ಎನ್ನುವುದು, ತಾಟಿನಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು. ತಾಟು ಖಾಲಿ ಮರಳಿಸುವಂತಿಲ್ಲ. ನಮ್ಮ ಕರ್ಚಿಕಾಯಿ ಹೋಗಿ ಅವರ ಕರಂಜಿ ಬರುತ್ತಿತ್ತು. ಎರಡೂ ಒಂದೇ, ತಿನ್ನುವುದು ಮಾತ್ರ ಎರಡು ಸಲ!

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಹಬ್ಬದ ಮರುವಾರವೇ ಡಾಕ್ಟರು ಅಪ್ಪನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದರು. ಬಾಯಿ ಕಟ್ಟಿ, ದಿನಾ ನಡೆದು, ತಿಂಗಳು ಬಿಟ್ಟು ಬರಬೇಕು. ಅವ್ವ ಹೆದರಿದಳು. ಬಾಗಲಕೋಟೆಯ ಅಜ್ಜ ಇದೇ ಸಕ್ಕರೆಯಿಂದ ಕಣ್ಣು ಕಳೆದುಕೊಂಡು, ಚಹಾದ ಕಪ್ಪನ್ನು ತಡವಿ ಹುಡುಕುತ್ತಿದ್ದರು.

ಅಪ್ಪನ ಸಂಜೆಯ ವಾಕಿಂಗಿಗೆ ನಾನು ಕಾವಲು.

"ಅಪ್ಪಗ ಏನರ ತಿನ್ನಾಕ ಬಿಟ್ಟಿ ಅಂದ್ರ ನೋಡು!" ಎಂದ ಅವ್ವನೇ ಕೈಗೆ ತಾಟನ್ನೂ ಕೊಟ್ಟಳು. "ಹೆಂಗೂ ಹೊಂಟೀರಿ, ಸುನಂದಾ ಕಾಕುಗ ಮುಟ್ಟಿಸಿ ಬರ್ರಿ."

ಸುನಂದಾ ಕಾಕು ಹಿಂದಿನ ಬ್ಲಾಕಿನ ಮೂರನೇ ಮಹಡಿಯ ಮರಾಠಿಯವರು. "ಯಾ, ಯಾ, ಬಸಾ!" ಎಂದು ಒಳಗೆ ಕರೆದು ಕೂರಿಸಿ ಬೇಸನ್ ಲಾಡು ಇಟ್ಟರು. ಹುರಿದ ಹಿಟ್ಟಿನ, ತುಪ್ಪದ ಪರಿಮಳ.

"ಮೂರು ಮಹಡಿ ಹತ್ತೀನಿ, ಒಂದರಾಗ ಏನ್ ಆಗತೈತಿ?" ಎಂದ ಅಪ್ಪ ಎರಡು ತಿಂದು, ನನ್ನ ಬಾಯಿಗೂ ಒಂದು ತುರುಕಿದರು.

"ತಿಂದ್ರೇನು?" ಮನೆಯಲ್ಲಿ ಅವ್ವ ನನ್ನನ್ನೇ ಕೇಳಿದಳು.

"ಇಲ್ಲವ್ವ."

ದಿನವೂ ತಾಟು, ದಿನವೂ ಲಾಡು, ದಿನವೂ ಸುಳ್ಳು. ಶಾಲೆಯಲ್ಲಿ ಸಿಸ್ಟರ್ ಪ್ರಾರ್ಥನೆಗೆ ಕಣ್ಣು ಮುಚ್ಚಿಸಿದರೆ ನನಗೆ ಕಾಣುತ್ತಿದ್ದದ್ದು ಆ ಲಾಡೇ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಹಾಸಿಗೆಯಲ್ಲಿ ಕೂತು ಕನ್ನಡಕಕ್ಕಾಗಿ ದಿಂಬಿನ ಪಕ್ಕ ತಡಕಾಡುತ್ತಿದ್ದರು. ಥೇಟ್ ಅಜ್ಜನ ಕೈ. ಓಡಿಹೋಗಿ ಕನ್ನಡಕ ಹುಡುಕಿ ಕೊಟ್ಟೆ.

ಅವತ್ತು ಸಂಜೆ ಕಾಕು ಮನೆಯಲ್ಲಿ ಲಾಡಿನ ತಾಟು ಬಂದೊಡನೆ ಅಳುತ್ತ ಹೇಳಿಬಿಟ್ಟೆ: "ಕೊಡಬ್ಯಾಡ್ರಿ ಕಾಕೂ! ಅಪ್ಪಗ ಸಕ್ಕರಿ ಆಗೇದ, ಕಣ್ಣು ಹೋಗ್ತಾವ!"

ಕಾಕುಗೆ ನಮ್ಮ ಕನ್ನಡ ಅರ್ಥವಾಗುವಷ್ಟು ಬರುತ್ತಿತ್ತು. ಅಪ್ಪನ ಕೈ ಲಾಡಿನ ಮೇಲೇ ನಿಂತಿತು. ಕಾಕು ಒಳಗೆ ತಿರುಗಿ, "ಅಹೋ, ಬಾಹೇರ್ ಯಾ!" ಎಂದು ಗಂಡನನ್ನು ಗದರಿ ಹೊರಗೆ ಕರೆದರು. ಮೀಸೆಯಲ್ಲಿ ಲಾಡಿನ ಪುಡಿ ಅಂಟಿಸಿಕೊಂಡೇ ಕಾಕಾ ಹೊರಬಂದರು. ಅವರಿಗೂ ಡಾಕ್ಟರು ಅದೇ ಹೇಳಿದ್ದರಂತೆ! ಅತಿಥಿಗೆಂದು ಮಾಡಿದ್ದು ಎಂಬ ನೆವದಲ್ಲಿ ದಿನವೂ ಒಳಗೆ ಅವರೂ ಲಾಡು ತಿನ್ನುತ್ತಿದ್ದರು.

ಆ ಸಂಜೆ ತಾಟಿನಲ್ಲಿ ಮನೆಗೆ ಬಂದದ್ದು ಮೆಂತ್ಯೆ ಸೊಪ್ಪು. "ಇದ್ಯಾವ ಫರಾಳವಾ?" ಎಂದಳು ಅವ್ವ. ಎಲ್ಲಾ ಹೇಳಿದೆ. ಬೈಯಲಿಲ್ಲ, "ತಾಟು ಕೊಟ್ಟಾಕಿ ನಾನಽ ಅಲ್ಲಾ" ಎಂದು ಹಣೆ ಬಡಿದುಕೊಂಡಳು.

ಮರುದಿನದಿಂದ ಅಪ್ಪ, ಕಾಕಾ ನೀರಿನ ಟಾಕಿಯವರೆಗೆ ನಡೆದರು. ಹಿಂದೆ ನಾನು, ಕಾಕು, ಪೊಲೀಸರ ಹಾಗೆ. ತಿಂಗಳ ಮೇಲೆ ರಿಪೋರ್ಟು ನೋಡಿ ಡಾಕ್ಟರು, "ಸರಿಯಾಗಿದೆ, ನಡೆಯೋದು ಬಿಡಬೇಡಿ" ಎಂದರು. ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ಖುಷಿಗೆ ಒಂದ ಲಾಡು…" ಅಪ್ಪ ಶುರು ಮಾಡಿದರು.

"ಸುಮ್ಮನ ನಡೀರಿ!"

ಅಪ್ಪ ಇವತ್ತಿಗೂ ಪೇಪರು ಓದುತ್ತಾರೆ, ಸಣ್ಣ ಅಕ್ಷರವನ್ನೂ. ನಾನೀಗ ಸಂಭಾಜಿನಗರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಈ ಹಬ್ಬಕ್ಕೆ ಯಾರೋ ಬಾಗಿಲಲ್ಲಿ ಮಿಠಾಯಿ ಡಬ್ಬಿ ಇಟ್ಟು ಹೋಗಿದ್ದರು, ಮರಳಿಸಲು ತಾಟಿಲ್ಲ. ಸಂಜೆ ಒಬ್ಬಳೇ ನಡೆಯುತ್ತೇನೆ, ಕೈಗಡಿಯಾರ ಹೆಜ್ಜೆ ಎಣಿಸುತ್ತದೆ. ಎಷ್ಟು ತಿಂದೆನೆಂದು ಅಳುತ್ತ ಚಾಡಿ ಹೇಳುವವರು ಮಾತ್ರ ಯಾರೂ ಇಲ್ಲ.