ಮದುವೆ ದೃಶ್ಯದಲ್ಲಿದ್ದ ತಂಗಿ

ಆಸ್ಪತ್ರೆಗೆ ಬಂದ ಮೇಲೂ ಅಜ್ಜಿಯ ಉಣ್ಣೆ ಕೋಟಿನ ಕಾಲರಿಗೆ ಹಸಿರು ಗಾಜಿನ ಚೂರೊಂದು ಅಂಟಿಕೊಂಡಿತ್ತು. ಲಂಡನ್ನಿನ ಇಲ್ಫರ್ಡಿನಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟ ಯಹೂದಿ ಅಜ್ಜಿ ಅವರು. ಊರೂರು ಸುತ್ತುವ ಇಸ್ರೇಲಿ ಮತ್ತು ಯಹೂದಿ ಚಿತ್ರೋತ್ಸವ ಲಂಡನ್ನಿಗೆ ಬಂದಿತ್ತು. ಅಲ್ಲಿ ತೋರಿಸಲಿದ್ದ ಹಳೆಯ ಚಿತ್ರವೊಂದರ ಮದುವೆ ದೃಶ್ಯದಲ್ಲಿ, ತೀರಿಹೋದ ಅವರ ತಂಗಿ ಗುಂಪಿನ ನಡುವೆ ಕುಣಿಯುತ್ತಾಳೆ. ಅಜ್ಜಿ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಚಿತ್ರಮಂದಿರದ ಬಾಗಿಲಲ್ಲಿ, ಯಹೂದಿಗಳನ್ನು ಬೈಯುತ್ತ ಬಂದ ಒಬ್ಬ ಹಸಿರು ಬಾಟಲಿಯೊಂದು ಒಡೆದುಹೋಗುವಂತೆ ಅಜ್ಜಿಯ ಹಣೆಗೆ ಹೊಡೆದ. ಕೆಳಗೆ ಬಿದ್ದ ಅವರನ್ನು ಒದೆಯಲು ಅವನು ಕಾಲೆತ್ತಿದಾಗ ನಾನು ಕೊಡೆಯಿಂದ ಅವನ ಮುಖಕ್ಕೆ ಬಾರಿಸಿದೆ. ಮೂಗಿನಿಂದ ರಕ್ತ ಚಿಮ್ಮಿತು. ಕಾವಲಿನವರು ಅವನನ್ನು ನೆಲಕ್ಕೆ ಕೆಡವುವವರೆಗೂ ನನ್ನ ಕೈ ನಿಲ್ಲಲಿಲ್ಲ. ಪೊಲೀಸರು ಪ್ರದರ್ಶನ ರದ್ದು ಮಾಡಿಸಿದರು.

"ನಿನಗೆ ಹೀಗೆ ಹೊಡೆಯೋಕೆ ಬರುತ್ತೆ ಅಂತ ಗೊತ್ತಿದ್ದರೆ ಬಾಡಿಗೆ ಕೇಳೋಕೇ ಹೆದರ್ತಿದ್ದೆ," ಎಂದರು ಅಜ್ಜಿ, ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿಸಿಕೊಳ್ಳುತ್ತ. ಆಮೇಲೆ ಅತ್ತರು. "ನನ್ನ ತಂಗೀನ ಇನ್ನು ನೋಡೋಕಾಗಲ್ಲ ಬಿಡು."

ಈಸ್ಟ್ ಹ್ಯಾಮಿನಿಂದ ನನ್ನ ಅಕ್ಕ ಸುದ್ದಿ ಕೇಳಿ ಫೋನಿನಲ್ಲಿ ಕೂಗಿದಳು: "ಹುಚ್ಚು ಹಿಡಿದಿದೆಯೇನೇ ನಿಂಗೆ? ನಾಳೇನೇ ಆ ಮನೆ ಬಿಟ್ಟು ಇಲ್ಲಿಗೆ ಬಾ!"

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ, ಅದೇ ಚಿತ್ರ ತೋರಿಸಲಿದ್ದ ಉತ್ಸವದ ಮುಂದಿನ ಊರಿಗೆ ಅಜ್ಜಿಗೂ ನನಗೂ ರೈಲು ಟಿಕೆಟ್ ತೆಗೆದೆ.