ಮೂವತ್ತೊಂಬತ್ತರ ಗೋಲ್‌ಕೀಪರ್

ನಮ್ಮ ಭಾನುವಾರದ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಖುರ್ಷೀದ್, ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಬರಿಗಾಲಲ್ಲಿ ಆಟ ಕಲಿತವನು. ಈಗ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ವಾರವಿಡೀ ಸೊರೆಂಟೊ ವ್ಯಾಲಿಯ ಚಿಪ್ ಲ್ಯಾಬಿನಲ್ಲಿ ದುಡಿದರೂ ಅವನು ಬದುಕಿದ್ದು ಭಾನುವಾರಕ್ಕಾಗಿ.

2004ರಲ್ಲಿ, ಮೂವತ್ತೊಂಬತ್ತು ತುಂಬಿದ ಮೇಲೆ, ಅವನಿಗೆ ಕರೆ ಬಂತು. ಸ್ಯಾನ್ ಡಿಯಾಗೋದ ಚಿಕ್ಕದೊಂದು ಪ್ರೊಫೆಷನಲ್ ಕ್ಲಬ್ಬಿನಲ್ಲಿ ಇದ್ದ ಇಬ್ಬರು ಗೋಲ್‌ಕೀಪರ್‌ಗಳಲ್ಲಿ ಒಬ್ಬ ಕೈ ಮುರಿದುಕೊಂಡಿದ್ದ. ಅವನ ಬದಲಿಗೆ ಖುರ್ಷೀದ್ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದ. ಅವನ ಹೆಂಡತಿ ನೂರೈನ್ ನಮಗೆಲ್ಲ ಬಿರಿಯಾನಿ ಮಾಡಿ ಬಡಿಸಿದಳು. ಲಾಸ್ ಏಂಜಲಿಸ್‌ನ ಪಂದ್ಯಕ್ಕೆ ನಾವು ವ್ಯಾನ್ ಮಾಡಿಕೊಂಡು ಹೋಗಿ, ಅವನು ಬೆಂಚಿನ ಮೇಲೆ ಕೂತಿದ್ದನ್ನು ನೋಡಿಕೊಂಡು ಬಂದೆವು. ಅವನು ಎದ್ದದ್ದು ಆಡುವವರಿಗೆ ನೀರು ಕೊಡಲು ಮಾತ್ರ. ಕೈ ಮುರಿದವನು ಗುಣವಾದ ಕೂಡಲೇ ಇವನಿಗೆ ಥ್ಯಾಂಕ್ಸ್ ಹೇಳಿ ಕಳಿಸಿಬಿಟ್ಟರು, ದರಿದ್ರದವರು.

ಮುಂದಿನ ಭಾನುವಾರ ಅವನು ಎಲ್ಲರಿಗಿಂತ ಮೊದಲೇ ಬಂದು, ಗ್ಲೌಸ್ ಹಾಕಿಕೊಂಡು ಗೋಲಿನಲ್ಲಿ ನಿಂತಿದ್ದ. ನಮ್ಮ ಲೀಗಿನ ಸೆಕ್ರೆಟರಿ ಚರಣ್ ಹತ್ತಿರ ಬಂದ.

“ಖುರ್ಷೀದ್ ಭಾಯ್, ನಿಮ್ಮನ್ನ ಆಡಿಸೋ ಹಾಗಿಲ್ಲ. ಪ್ರೊಫೆಷನಲ್ ಆದೋರು ಎರಡು ವರ್ಷ ಇಲ್ಲಿ ಆಡಬಾರದು. ರೂಲ್ಸು.”

“ಅಲ್ಲಿ ನನ್ನನ್ನ ಒಂದು ಸಲನೂ ಆಡಿಸಲಿಲ್ಲ ಕಣಪ್ಪ.”

“ಸೈನ್ ಮಾಡಿದ್ರಲ್ಲ ಭಾಯ್.”

ನನಗೆ ಮೈಯೆಲ್ಲ ಉರಿದುಹೋಯಿತು. ಚರಣ್‌ಗೆ ಬಾಯಿಗೆ ಬಂದಂತೆ ಬೈದೆ. ಅವನು ಜಗ್ಗಲಿಲ್ಲ. ಖುರ್ಷೀದನೇ ಗ್ಲೌಸ್ ಬಿಚ್ಚಿ ನನ್ನ ಕೈಗಿಟ್ಟ.

“ಅವನಿಗೆ ಬೈಬೇಡ ಗೋಪಿ,” ಎಂದ. “ನನ್ನನ್ನ ಪ್ರೊಫೆಷನಲ್ ಅಂದೋನು ಅವನೊಬ್ಬನೇ.”

ಮತ್ತೆ ಅವನು ಮೈದಾನಕ್ಕೆ ಬರಲಿಲ್ಲ.